ಬೀಗ ಬಿದ್ದ ಸಂತೆ

ವಿಜಯದಶಮಿಯ ಮಧ್ಯಾಹ್ನ ಬೆಟಗೇರಿಯ ನಮ್ಮ ಕೋಣೆಯ ಬಾಗಿಲು ತೆಗೆದಾಗ ಸರ್ವರ್‌ಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಹಣೆ ಎನ್ನಬಹುದಾದ ಜಾಗದಲ್ಲಿ ವಿಭೂತಿ, ನಡುವೆ ಕುಂಕುಮ, ಬುಡದಲ್ಲಿ ಹೋಳು ಮಾಡಿದ ನಿಂಬೆಹಣ್ಣು. ನೋಡಲು ಲಕ್ಷಣವಾಗಿಯೇ ಇತ್ತು. ಆದರೆ ಅದರ ಹಸಿರು ದೀಪ ಆರಿತ್ತು. ಯುಪಿಎಸ್‌ನ ವೈರನ್ನು ಯಾರೋ ಜೋಪಾನವಾಗಿ ಸುತ್ತಿ ಪಕ್ಕಕ್ಕೆ ಇಟ್ಟಿದ್ದರು.

ಯಾರೋ ಏನು, ಪ್ರೆಸ್ಸಿನ ಯಜಮಾನರೇ. ನಮ್ಮ ಕೋಣೆ ಇರುವುದು ಅವರ ಮುದ್ರಣಾಲಯದ ಮಾಳಿಗೆಯಲ್ಲಿ. ಮಹಾನವಮಿಯ ಬೆಳಿಗ್ಗೆ ಖಂಡೆಪೂಜೆಗೆ ಅವರು ಮೇನ್ ಸ್ವಿಚ್ ಇಳಿಸಿ, ಯಂತ್ರಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಮರುದಿನ ಬನ್ನಿ ಹಂಚಿದ ಮೇಲೆಯೇ ಮತ್ತೆ ಯಂತ್ರ ಮುಟ್ಟುವುದು. ಇದು ನನಗೆ ಗೊತ್ತಿತ್ತು. ಕರೆಂಟ್ ಹೋದರೆ ಒಂದು ದಿನ ನಡೆಸುವ ಯುಪಿಎಸ್ ಇದೆಯಲ್ಲ ಎಂದು ನಾನು ತವರಿಗೆ ಹೋಗಿದ್ದೆ. ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿದಾಗ ಅವರಿಗೆ ಅಯ್ಯೋ ಅನಿಸಿರಬೇಕು.

"ವರ್ಷಾನಗಟ್ಲೆ ನಿಮ್ಮ ಮಿಷನ್ ಒಂದ ದಿನಾನೂ ಮಲಗಿಲ್ಲವ್ವಾ. ಅದಕ್ಕೂ ಜೀವ ಇರ್ತೈತಿ. ನಾನಽ ಮಲಗಿಸೇನಿ," ಎಂದು ಬಾಗಿಲಲ್ಲಿ ನಿಂತು ನಗುತ್ತ ನನ್ನ ಕೈಗೆ ಬನ್ನಿ ಎಲೆ ಇಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೋಣು."

ನಾನು ಬನ್ನಿ ತೆಗೆದುಕೊಂಡು ಅವರ ಕಾಲು ಮುಟ್ಟಿದೆ. ಮತ್ತೇನು ಮಾಡಲಿ? ಅವರಿಗೆ ಗೊತ್ತಿರಲಿಲ್ಲ, ಆ ಒಂದು ಮಿಷನ್ ಮಲಗಿದರೆ ನಮ್ಮ ಆಟ ಕೊಂಡವರ ಫೋನುಗಳಲ್ಲೆಲ್ಲ ಆಟ ಸಾಯುತ್ತದೆ ಎಂದು.

ಆಟದ ಹೆಸರು ಸಂತೆ. ಅದರಲ್ಲಿ ಚಿತ್ರವೇ ಇಲ್ಲ, ಪರದೆ ಕಪ್ಪು. ಕಿವಿಗೆ ಇಯರ್‌ಫೋನ್ ಹಾಕಿ, ಫೋನನ್ನು ಎದೆಗೆ ಹಿಡಿದು, ಮೈ ತಿರುಗಿಸುತ್ತ ಆಡಬೇಕು. ಸಂತೆಯಲ್ಲಿ ತಪ್ಪಿಸಿಕೊಂಡ ಒಂದು ಮೇಕೆಯನ್ನು ಬರೀ ಸದ್ದಿನ ಗುರುತಿನಿಂದ ಹುಡುಕುವುದು ಕೆಲಸ. ಕಣ್ಣು ಕಾಣದವರಿಗಾಗಿ ನಾವಿಬ್ಬರೇ ಮಾಡಿದ್ದು. ಡಂಬಳದ ನನ್ನ ಜೊತೆಗಾರ ಪ್ರೋಗ್ರಾಂ ಬರೆದ. ಶಿರಹಟ್ಟಿಯ ಸಂತೆಯಲ್ಲಿ ತಿರುಗಿ ಸದ್ದು ಹಿಡಿದವಳು ನಾನು. "ಸ್ವಲ್ಪ ಎಡಕ್ಕೆ ತಿರುಗಿ", "ಮುಂದೆ ಗಟಾರವಿದೆ, ಹುಷಾರು" ಎಂದು ದಾರಿ ಹೇಳುವ ದನಿಯೂ ನನ್ನದೇ.

ದೂರದ ಊರಿನ ಒಂದು ಕಂಪನಿ ಅದನ್ನು ಮಾರಲು ಒಪ್ಪಿತ್ತು, ಬೀಗದ ಷರತ್ತಿನ ಮೇಲೆ. ಬೀಗವೆಂದರೆ ಆಟದೊಳಗೆ ಕೂತ ಇನ್ನೊಂದು ಪ್ರೋಗ್ರಾಂ. ಅದನ್ನು ಅವರೇ ಕೊಟ್ಟರು, ಒಳಗೇನಿದೆ ಎಂದು ನಮಗೂ ತೋರಿಸಲಿಲ್ಲ. ಆಟ ತೆರೆದಾಗಲೆಲ್ಲ ಅದು ಸರ್ವರನ್ನು ಕೇಳಬೇಕು: ಇದು ಕೊಂಡ ಪ್ರತಿಯೋ ಕದ್ದದ್ದೋ? ಇಂಟರ್ನೆಟ್ ಇದ್ದೂ ಒಂದು ಹಗಲು ಒಂದು ರಾತ್ರಿ ಉತ್ತರ ಬಾರದಿದ್ದರೆ, ಯಾರೋ ಬೇಕೆಂದೇ ಸರ್ವರನ್ನು ಅಡ್ಡಗಟ್ಟಿದ್ದಾರೆ ಎಂದು ಬೀಗದ ಲೆಕ್ಕಾಚಾರ. ಆಗ ಅದು ಫೋನಿನಲ್ಲಿರುವ, ಆಟ ತೆರೆಯುವ ಕೀಲಿಯನ್ನು ಅಳಿಸಿಹಾಕುತ್ತದೆ. ಮೊದಲು ಆ ಸರ್ವರ್ ಅವರಲ್ಲೇ ಇತ್ತು. ಖರ್ಚು ಹೆಚ್ಚಾಯಿತೆಂದು ನಮ್ಮ ಮಾಳಿಗೆಗೆ ದಾಟಿಸಿದರು. ಜಗತ್ತಿನಲ್ಲಿ ಖಂಡೆಪೂಜೆ ಎನ್ನುವುದೊಂದಿದೆ ಎಂದು ಬೀಗ ಬರೆದವರಿಗೆ ಹೇಳುವವರು ಯಾರು?

ಮಾಲೆ ತೆಗೆದು ಸರ್ವರ್ ಹಚ್ಚಿದೆ. ದೀಪ ಹತ್ತಿತು. ಸಾಲು ಸಾಲಾಗಿ ಫೋನುಗಳು ಬಂದು ಕೇಳಿದವು, ಸರ್ವರ್ ಸಾಲು ಸಾಲಾಗಿ ಇಲ್ಲ ಎಂದಿತು. ಕೀಲಿ ಅಳಿದುಹೋದ ಪ್ರತಿಗೆ ಹೊಸ ಕೀಲಿ ಕೊಡುವ ಅಧಿಕಾರ ಕಂಪನಿಯ ಸಹಿಗೆ ಮಾತ್ರ. ಕಂಪನಿಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್. ಮೇಲ್ ಕಳಿಸಿದರೆ ಹಾಗೆಯೇ ವಾಪಸು. ಅವರ ವೆಬ್‌ಸೈಟ್ ತೆರೆದರೆ, ಈ ಹೆಸರು ಮಾರಾಟಕ್ಕಿದೆ ಎಂಬ ಒಂದು ಸಾಲು. ಕಂಪನಿ ಯಾವಾಗಲೋ ಮುಚ್ಚಿತ್ತು, ನಮಗೆ ಖಬರೇ ಇರಲಿಲ್ಲ. ಬಾಯಿಗೆ ಬಂದಂತೆ ಬೈದೆ, ಕೇಳಲು ಯಾರೂ ಇರಲಿಲ್ಲ.

ಸಂಜೆಗೆ ಲಕ್ಷ್ಮೇಶ್ವರದಿಂದ ಮಾಸ್ತರರ ಫೋನ್ ಬಂತು. ಅವರು ಹುಟ್ಟುಕುರುಡರು. ನಡುವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರಿಗೆ ಕೋಲು ಹಿಡಿದು ನಡೆಯಲು ಕಲಿಸುತ್ತಾರೆ. ಕಲಿಸುವ ಮೊದಲು ಕಿವಿ ಪಳಗಲಿ ಎಂದು ನಮ್ಮ ಆಟ ಆಡಿಸುತ್ತಿದ್ದರು.

"ಬಾಯಾರ, ನಿಮ್ಮ ಆಟ ಏನ್ ಅನ್ನಾಕ ಹತ್ತೇತಿ ಗೊತ್ತೈತೇನು? ನಿಮ್ಮ ದನಿಯೊಳಗಽ ಅಂತೈತಿ, ಇದು ಕದ್ದದ್ದು ಅಂತ."

ಆ ಸಾಲು ಕಂಪನಿ ಬರೆದು ಕಳಿಸಿದ್ದು: ಈ ಪ್ರತಿ ಕದ್ದದ್ದು, ಆಟ ನಿಲ್ಲಿಸಲಾಗಿದೆ. ಉಳಿದದ್ದೆಲ್ಲ ನನ್ನ ದನಿಯಲ್ಲಿದೆ, ಇದೂ ಇರಲಿ ಎಂದು ನಾನೇ ಓದಿ ರೆಕಾರ್ಡ್ ಮಾಡಿದ್ದೆ.

"ಮುಂಡರಗಿ ಡ್ರೈವರ್ ಅದಾನಲ್ಲ, ಅವಂಗೂ ಹಂಗಽ ಅಂದೈತಿ," ಎಂದರು ಮಾಸ್ತರರು. "ನಾಕು ಮಂದಿ ಬಂದಿದ್ರಂತ ಹಬ್ಬಕ್ಕ. ಅವರ ಮುಂದ ಆಡಿ ತೋರಸಾಕ ಹೋಗ್ಯಾನ. ಇಯರ್‌ಫೋನ್ ತಗದು ಜೋರಾಗಿ ಹಚ್ಚಿದ್ದನಂತ. ಈಗ ಮತ್ತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ. ಯಾರ್ ಕರದ್ರೂ ಏಳವಲ್ಲ."

ಈ ಡ್ರೈವರನ ಕಥೆ ನನಗೆ ಮೊದಲೇ ಗೊತ್ತಿತ್ತು. ಮುಂಡರಗಿಯಿಂದ ಗದಗಕ್ಕೆ ಮಂದಿ ತುಂಬಿಕೊಂಡು ಟೆಂಪೋ ಓಡಿಸುತ್ತಿದ್ದವನು. ಕಣ್ಣಿನ ನರದ ರೋಗ ಬಂದು ನೋಡನೋಡುತ್ತಲೇ ಎರಡೂ ಕಣ್ಣು ಹೋದವು. ಕೋಲು ಹಿಡಿಯಲು ಒಪ್ಪಲಿಲ್ಲ, ಹಾಸಿಗೆ ಬಿಡಲಿಲ್ಲ. ಮಾಸ್ತರರು ಹಠ ಹಿಡಿದು ಫೋನಿನಲ್ಲಿ ಸಂತೆ ಹಾಕಿಕೊಟ್ಟರು. ಮಲಗಿಕೊಂಡು ಆಡಲು ಬರುವುದಿಲ್ಲ, ಮೈ ತಿರುಗಿಸಬೇಕು. ಹಾಗಾಗಿ ಎದ್ದು ನಿಂತ. ಆಮೇಲೆ ಪಡಸಾಲೆಗೆ ಬಂದ. ಹಬ್ಬ ಮುಗಿಯಲಿ, ಕೋಲು ಹಿಡಿದು ನಿಮ್ಮ ಜೋಡಿ ಓಣಿಗೆ ಬರುತ್ತೇನೆ ಎಂದು ಮಾಸ್ತರರಿಗೆ ಮಾತು ಕೊಟ್ಟಿದ್ದ.

"ಹೊಸ್ತಿಲಕ ಬಂದ ಮನಷ್ಯಾ ಮತ್ತ ಒಳಗ ಹ್ವಾದ್ನವ್ವಾ. ಇನ್ನೊಮ್ಮೆ ಅವನ್ನ ಎಬ್ಬಸೂದು ನನ್ನ ಕೈಲೆ ಆಗೂದಿಲ್ಲ," ಎಂದು ಮಾಸ್ತರರು ಫೋನಿಟ್ಟರು. ನಾನು ಕುರ್ಚಿಯಲ್ಲಿ ಕೂತು ಅತ್ತೆ. ಅಳುವಾಗಲೂ ಸಿಟ್ಟು ಇಳಿಯಲಿಲ್ಲ, ಅದು ಯಾರ ಮೇಲೆ ಎಂಬುದೂ ತಿಳಿಯಲಿಲ್ಲ.

ಮರುದಿನ ಜೊತೆಗಾರ ಡಂಬಳದಿಂದ ಮೊದಲ ಬಸ್ಸಿಗೇ ಬಂದ. ಬಂದವನೇ ಯುಪಿಎಸ್ ತಂತಿಗೆ ಪೆಟ್ಟಿಗೆ ಮಾಡಿ ಮೊಳೆ ಹೊಡೆಯಲು ಶುರುಮಾಡಿದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ ನೋಡು ಎಂದೆ. ಅವನು ಸುತ್ತಿಗೆ ಕೆಳಗಿಟ್ಟ.

ಬೀಗವನ್ನು ಒಡೆಯುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಹಾಗೆ ಮಾಡಬಹುದೇ? ಒಪ್ಪಂದದ ಕಾಗದ ಹಿಡಿದು ಗದಗಿನ ಒಬ್ಬ ವಕೀಲರ ಬಳಿ ಹೋದೆವು. ಅವರು ಕನ್ನಡಕ ಏರಿಸಿ ಓದಿ, "ಬೀಗ ಅವರದು. ಅದನ್ನ ಮುರೀಬ್ಯಾಡ್ರಿ. ಅವರು ಇಲ್ಲ ಅಂದ್ರೂ ಅವರ ಆಸ್ತಿ ಯಾರೋ ಕೊಂಡಿರ್ತಾರ, ನಾಳೆ ಬಂದು ನಿಮ್ಮ ಕೊರಳಿಗೆ ಬೀಳ್ತಾರ," ಎಂದರು. "ಮಾರೂ ಹಕ್ಕೂ ಅವರದು. ಆದ್ರ ನೀವು ಬರದದ್ದು ನಿಮ್ಮದಽ ಐತಿ. ಪುಕ್ಕಟ ಕೊಡಬಾರದು ಅಂತ ಇದರಾಗ ಎಲ್ಲೂ ಬರದಿಲ್ಲ. ಪುಕ್ಕಟ ಕೊಡೂವಂಥಾ ಹುಚ್ಚರು ಇರ್ತಾರಂತ ಅವರಿಗೆ ಹೊಳದಿಲ್ಲ. ಅದಕ್ಕ, ಹಳೇ ಬಾಗಲಾ ಮುಟ್ಟಬ್ಯಾಡ್ರಿ, ಬೀಗಾನಽ ಇಲ್ಲದ ಹೊಸ ಬಾಗಲಾ ಮಾಡ್ರಿ."

ಬೀಗವಿಲ್ಲದ ಪ್ರತಿಯನ್ನು ಸುಮ್ಮನೆ ಹಳೆಯ ಆಟಗಾರರಿಗೆ ಕಳಿಸೋಣ, ವಿಷಯ ಮುಗಿಯಿತು ಎಂದ ಜೊತೆಗಾರ. ನನಗೂ ಸರಿ ಎನಿಸಿತು. ಮಾಸ್ತರರಿಗೆ ಫೋನ್ ಮಾಡಿ ಹೇಳಿದರೆ ಅವರು ಕೇಳಿದ್ದು ಒಂದೇ ಮಾತು.

"ಆ ಕಂಪನಿ ಮುಚ್ಚಿತು. ನಾಳೆ ನೀವಿಬ್ಬರೂ ಜಗಳಾಡಿ ಮುಚ್ಚೀರಿ. ಫೋನ್ ಹೊಸಾದು ಬಂದು ಆಟ ನಿಂತ್ರ ರಿಪೇರಿ ಮಾಡಾವ್ರು ಯಾರು? ನಾ ಯಾರ ಮನೀ ಬಾಗಲಾ ಬಡೀಲಿ?"

ಅದಕ್ಕಿದ್ದ ಒಂದೇ ಉತ್ತರ ನಮಗೆ ಬೇಕಿರಲಿಲ್ಲ. ಅದೆಂದರೆ ಬರೆದದ್ದನ್ನೆಲ್ಲ, ಪ್ರೋಗ್ರಾಮಿನ ಮೂಲವನ್ನೇ, ಊರ ಮುಂದೆ ಇಟ್ಟುಬಿಡುವುದು. ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ. ಜೊತೆಗಾರ ಕೆಂಡವಾದ.

"ಇದೊಂದಽ ಐತಲೇ ನಮ್ಮ ಹಂತ್ಯಾಕ. ಇದನ್ನೂ ಬಿಟ್ಟರ ನಾಳೆ ಯಾವನೋ ತನ್ನ ಹೆಸರು ಹಚ್ಚಿ ಮಾರ್ತಾನ. ನಾವು ಬಾಯಾಗ ಬೆರಳಿಟ್ಕೊಂಡು ನೋಡೂದು."

"ಮಾರಲಿ. ಈಗ ಅದನ್ನ ಆಡಾವ್ರಽ ಇಲ್ಲಲ್ಲ," ಎಂದೆ. ಅವನು ಸಿಟ್ಟಿನಿಂದ ಇಳಿದುಹೋಗಿ, ಪ್ರೆಸ್ಸಿನ ಮುಂದಿನ ಕಟ್ಟೆಯ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಬಂದು ಒಂದು ಷರತ್ತು ಹೇಳಿದ. ತಗೊಂಡವರು ಏನು ಬೇಕಾದರೂ ಮಾಡಲಿ, ತಾವು ತಿದ್ದಿದ್ದನ್ನೂ ಹೀಗೆಯೇ ತೆರೆದಿಡಬೇಕು, ಇನ್ನೊಮ್ಮೆ ಯಾರೂ ಅದಕ್ಕೆ ಬೀಗ ಜಡಿಯುವಂತಿಲ್ಲ. ಅಂಥದೊಂದು ಪರವಾನಗಿ ಇದ್ದೇ ಇತ್ತು, ಅದನ್ನೇ ಆರಿಸಿದೆವು. ಆಮೇಲೆ ಅವನು ನನ್ನ ಜೊತೆ ಎರಡು ದಿನ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ನಾವು ಬರೆದದ್ದರಿಂದ ಬೀಗವನ್ನು ಬಿಡಿಸಿದರೆ ಆಟ ಸಲೀಸಾಗಿ ನಡೆಯುತ್ತದೆ ಎಂದುಕೊಂಡಿದ್ದೆವು. ಬಾವಿಯ ಕಲ್ಲೊಂದು ತೆಗೆದರೆ ಸುತ್ತಲಿನ ಕಲ್ಲೂ ಸಡಿಲಾಗುವ ಹಾಗೆ ಆಯಿತು. ಆಟಗಾರ ಎಲ್ಲಿಯವರೆಗೆ ಬಂದಿದ್ದಾನೆ ಎಂಬ ಗುರುತಿನ ಫೈಲುಗಳನ್ನೂ ಬೀಗ ತನ್ನ ಕೀಲಿಯಿಂದಲೇ ಮುಚ್ಚಿಟ್ಟಿತ್ತು. ಅವು ಹೋದವು ಎಂದೇ ಅರ್ಥ. ಆಡಿದವರೆಲ್ಲ ಮೊದಲಿನಿಂದ ಶುರುಮಾಡಬೇಕು, ಡ್ರೈವರ್ ಕೂಡ.

ಎರಡನೆಯದು ಇನ್ನೂ ಕೆಟ್ಟದ್ದು. ಸದ್ದು ಎಡಕ್ಕಿದೆಯೋ ಬಲಕ್ಕಿದೆಯೋ, ಮುಂದೋ ಹಿಂದೋ ಎಂದು ಕಿವಿಗೆ ತೋರಿಸುವ ಭಾಗ ಕಂಪನಿಯಿಂದಲೇ ಬಂದದ್ದು. ಅದನ್ನು ತೆರೆದಿಡುವ ಹಕ್ಕು ನಮಗಿಲ್ಲ. ಅದನ್ನೂ ಕಿತ್ತು, ಮುಕ್ತವಾಗಿ ಸಿಗುವ ಇನ್ನೊಂದನ್ನು ಜೋಡಿಸಿದೆವು. ಲಕ್ಷ್ಮೇಶ್ವರಕ್ಕೆ ಹೋಗಿ ಮಾಸ್ತರರ ಕಿವಿಗೆ ಹಾಕಿದರೆ ಅವರು ಅರ್ಧ ನಿಮಿಷ ಕೇಳಿ ಇಯರ್‌ಫೋನ್ ತೆಗೆದರು.

"ಇಡೀ ಸಂತಿ ನನ್ನ ತಲಿಯೊಳಗಽ ಕೂಡೇತಿ. ಹೊರಗ ಏನೂ ಇಲ್ಲ."

ಸರಿಯೇ. ಎಡ ಬಲ ಬಂದಿತ್ತು, ಮುಂದು ಹಿಂದು ಬಂದಿರಲಿಲ್ಲ. ಹಿಂದಿನಿಂದ ಬರುವ ಸದ್ದು ಕಿವಿಯ ಹಾಲೆಗೆ ತಾಗಿ ಮಂಕಾಗಿ ಒಳಗೆ ಬರುತ್ತದೆ. ಆ ಮಂಕುತನವನ್ನು ಲೆಕ್ಕದಿಂದ ಹುಟ್ಟಿಸಬೇಕು. ಪ್ರತಿ ದಿಕ್ಕಿಗೂ ಸದ್ದು ಸೋಸುವ ಒಂದೊಂದು ಲೆಕ್ಕ. ನಾನು ಮನೆಯಲ್ಲಿ ಕುಳಿತು ಬದಲಿಸುವುದು, ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಹೋಗುವುದು, ಮಾಸ್ತರರು ತಲೆ ಅಲ್ಲಾಡಿಸುವುದು, ವಾಪಸು ಬರುವುದು. ಹೀಗೆ ವಾರಗಳು ಹೋದವು. ಒಂದು ದಿನ ಬಸ್ಸಿನಲ್ಲಿ ಮುಳಗುಂದ ದಾಟುವಾಗ, ಇಳಿದು ಎಲ್ಲಾದರೂ ನಡೆದುಬಿಡೋಣ, ಈ ಫೋನು ಈ ಸಂತೆ ಏನೂ ಬೇಡ ಎನಿಸಿತ್ತು. ಅಷ್ಟು ಬೇಸತ್ತಿದ್ದೆ. ಪ್ರತಿ ಸಲವೂ ಡ್ರೈವರ್ ಹೇಗಿದ್ದಾನೆ ಎಂದು ಕೇಳುತ್ತಿದ್ದೆ. ಮಲಗಿದ್ದಾನೆ ಎನ್ನುತ್ತಿದ್ದರು. ಊಟಕ್ಕೂ ಹೆಂಡತಿ ಎಬ್ಬಿಸಿ ಕೂರಿಸಬೇಕು ಎಂದು ಒಮ್ಮೆ ಹೇಳಿದರು. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಕೊನೆಗೆ ಒಂದು ಮಧ್ಯಾಹ್ನ ಮಾಸ್ತರರು ಇಯರ್‌ಫೋನ್ ಹಾಕಿಕೊಂಡು ಥಟ್ಟನೆ ಹಿಂದಕ್ಕೆ ತಿರುಗಿ, "ಏ, ಮೇಕಿ ಹಿಂದೈತಿ!" ಎಂದರು.

ಉಳಿದದ್ದು ದನಿಗಳು. ನಾವು ಶಿರಹಟ್ಟಿಯಲ್ಲಿ ಸದ್ದು ಹಿಡಿಯುವಾಗ ಒಂದು ಆಟಕ್ಕೆ ಎಂದು ಹೇಳಿ ಒಪ್ಪಿಗೆ ಪಡೆದಿದ್ದೆವು. ಈಗ ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಬಹುದು ಎನ್ನಬೇಕು. ಕೇಳದೆ ಕೊಡುವುದು ಸರಿಯಲ್ಲ. ಕಳ್ಳ ಎಂಬ ಮಾತು ಆಗಲೇ ಸಾಕಷ್ಟು ಆಗಿತ್ತು. ಸಂತೆಯ ದಿನ ಹೋಗಿ ಒಬ್ಬೊಬ್ಬರನ್ನೇ ಕೇಳಿದೆ. ಬಾಳೆಹಣ್ಣಿನವನು ನಕ್ಕು, ಒಯ್ಯಿರಿ, ದನಿಗೇನು ಬಾಡಿಗೆಯೇ ಎಂದ. ಚುರುಮುರಿಯವನು ಇನ್ನೊಮ್ಮೆ ಚೆನ್ನಾಗಿ ಕೂಗಿ ಕೊಡಲೇ ಎಂದ. ಬೇಡ ಎಂದವಳು ಒಬ್ಬಳೇ, ಸಂತೆಯ ನಟ್ಟನಡುವೆ ಕೂಡುವ ಮೆಣಸಿನಕಾಯಿಯ ಅವ್ವ.

"ಯಾರ್ ಬೇಕಾದಾವ್ರು ಅಂದ್ರ? ಇನ್ನೊಂದು ಸಂತ್ಯಾಗ ಇನ್ನೊಬ್ಬಾಕಿ ಫೋನಿನಾಗ ಹಚ್ಚಿ ಕಾಯಿ ಮಾರಬಹುದು?"

"ಮಾರಬಹುದು ಅವ್ವಾ," ಎಂದೆ. ಸುಳ್ಳು ಹೇಳಲಾಗಲಿಲ್ಲ.

"ಹಂಗಾದ್ರ ಬ್ಯಾಡ. ಇದು ನಮ್ಮತ್ತಿ ಕೂಗು. ಆಕಿ ಕುಂಡ್ರೂದು ಬಿಟ್ಟ ದಿನಾ ನನಗ ಕೊಟ್ಟಾಳ. ನಾ ನನ್ನ ಸೊಸಿಗಿ ಕೊಡಾಕಿ. ಸಂತ್ಯಾಗ ಒಬ್ಬರ ಕೂಗು ಇನ್ನೊಬ್ಬರು ಕೂಗಂಗಿಲ್ಲವ್ವ, ಅದು ಅವರ ಅನ್ನ. ನಿನ್ನ ಆಟ ಚಂದ ಐತಿ. ಆಡು. ನಂದು ಬಿಡು."

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ಬಸ್ಸಿನ ದಾರಿಯುದ್ದಕ್ಕೂ ಪ್ರಯತ್ನಿಸಿದೆ, ಸಿಗಲಿಲ್ಲ. ಸಮಸ್ಯೆ ಏನೆಂದರೆ, ಆಟದಲ್ಲಿ ನಾಲ್ಕು ದಾರಿ ಕೂಡುವ ಜಾಗದ ಗುರುತೇ ಅವಳ ಕೂಗು. ಅದನ್ನು ಎದುರಿಗೆ ಇಟ್ಟುಕೊಂಡೇ ಎಲ್ಲಿಗೆ ತಿರುಗಬೇಕೆಂದು ತಿಳಿಯುವುದು. ಬದಲಿಗೆ ನಾನೇ ಬೇರೆ ಮಾತು ಕಟ್ಟಿ ಕೂಗಿ ನೋಡಿದೆ. ಮಾಸ್ತರರು, "ಇದು ಮಾರೂ ದನಿ ಅಲ್ಲ, ಸಾಲ್ಯಾಗ ಪಾಠ ಓದೂ ದನಿ," ಎಂದರು. ಗಂಟೆ ಹಾಕಿ ನೋಡಿದೆವು. ಅದು ಗುಡಿಯಂತೆ ಕೇಳಿಸಿ, ಆಡಿ ನೋಡಿದ ಮಾಸ್ತರರ ಶಿಷ್ಯರು ದಾರಿ ತಪ್ಪಿದರು. ಕಡೆಗೆ ಆ ಜಾಗವನ್ನು ಖಾಲಿ ಬಿಟ್ಟು, ಇಲ್ಲಿಗೊಂದು ದನಿ ಬೇಕು ಎಂದು ಬರೆದು, ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟೆವು. ಕದ್ದದ್ದು ಎಂಬ ನನ್ನ ಸಾಲನ್ನು ಅದಕ್ಕೂ ಮೊದಲು ನಾನೇ ಅಳಿಸಿದ್ದೆ.

ಜಗತ್ತು ಓಡಿ ಬರುತ್ತದೆ ಎಂದು ಎಲ್ಲೋ ಒಳಗೆ ಆಸೆಯಿತ್ತು. ತಿದ್ದಲು, ದನಿ ಕೊಡಲು ಯಾರೂ ಬರಲಿಲ್ಲ. ಜೊತೆಗಾರ ದಿನಾ ಪುಟ ತೆರೆದು ನೋಡಿ ಮುಚ್ಚುತ್ತಿದ್ದ. ನಾನು ಹೇಳಿದ್ದೆನಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಗುತ್ತಿತ್ತು.

ಮಾಸ್ತರರನ್ನು ಕರೆದುಕೊಂಡು ನಾನು ಮುಂಡರಗಿಗೆ ಹೋದೆ. ಡ್ರೈವರನ ಮನೆ ಒಂದು ಸಣ್ಣ ಓಣಿಯಲ್ಲಿ. ಬಾಗಿಲಲ್ಲಿ ನಿಂತು "ನಮಸ್ಕಾರ್ರೀ" ಎಂದೆ, ಅಷ್ಟೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನು ತಿರುಗದೆಯೇ ಹೇಳಿದ.

"ಕಳ್ಳರ ಮನಿಗಿ ಯಾಕ ಬಂದ್ರಿ, ಬಾಯಾರ?"

ನನ್ನ ಮುಖ ನೋಡಿದವನಲ್ಲ, ಹೆಸರು ಕೇಳಿದವನಲ್ಲ. ದನಿ ಸಾಕಾಗಿತ್ತು. ತಪ್ಪಾಯ್ತು ಎಂದೆ. ಖಂಡೆಪೂಜೆ, ಸರ್ವರ್, ಕಂಪನಿ ಎಂದು ಏನೇನೋ ತೊದಲಿದೆ. ಅವನು ನಡುವೆಯೇ ತಡೆದ.

"ನನ್ನ ಗಾಡ್ಯಾಗ ಬಿಟ್ಟುಹೋದ ಬುತ್ತಿ ಗಂಟು ಸುದ್ದಾ ಹುಡಿಕ್ಕೊಂಡು ಹೋಗಿ ಕೊಟ್ಟೇನ್ರಿ. ನಾಕು ಮಂದ್ಯಾಗ ನನ್ನ ಕಳ್ಳ ಅಂದ್ರಿ. ಅದೂ ದಾರಿ ತೋರಿಸಿದ ದನೀಲೆ."

ಹೆಂಡತಿ ಚಹಾ ತಂದಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಮಾಸ್ತರರು ಮಾತ್ರ ಜಗ್ಗಲಿಲ್ಲ. ಹಾಸಿಗೆಯ ಅಂಚಿಗೆ ಕೂತು, ಅವನ ಕೈ ಹುಡುಕಿ ಫೋನ್ ಇಟ್ಟರು. "ಏಳಲೇ. ಈಗ ಅದರಾಗ ಬೀಗ ಇಲ್ಲ, ಪೊಲೀಸನೂ ಇಲ್ಲ. ಬಯ್ಯಾಕರೆ ಎದ್ದು ಕುಂಡ್ರು."

ಅವನು ಗೋಡೆಯ ಕಡೆಯಿಂದ ಹೊರಳಿ ಎದ್ದ. ಮೊದಲಿನಿಂದ ಶುರುಮಾಡಬೇಕು ಎಂದಾಗ ಇಯರ್‌ಫೋನ್ ಹಾಕಿಕೊಂಡ. ಗೋಡೆ ಹಿಡಿದು ನಿಂತು, ಮೆಲ್ಲಗೆ ಗೋಡೆ ಬಿಟ್ಟು, ಎಡಕ್ಕೆ ಬಲಕ್ಕೆ ತಿರುಗಿದ. ಬಾಳೆಹಣ್ಣಿನವನನ್ನು ದಾಟಿದ, ಗಟಾರ ದಾಟಿದ. ನಾಲ್ಕು ದಾರಿ ಕೂಡುವಲ್ಲಿಗೆ ಬಂದು ನಿಂತುಬಿಟ್ಟ.

"ಇಲ್ಲೊಬ್ಬಾಕಿ ಇದ್ಲಲ್ಲ, ಮೆಣಸಿನಕಾಯಿಯಾಕಿ? ಎಲ್ಲಿ ಹ್ವಾದ್ಲು?"

ಅವಳು ಕೊಡಲಿಲ್ಲ ಎಂದೆ. ಯಾಕೆ ಎಂದ. ಅವಳು ಹೇಳಿದ್ದನ್ನು ಹಾಗೆಯೇ ಹೇಳಿದೆ. ಅತ್ತೆಯ ಕೂಗು, ಸೊಸೆಗೆ ಹೋಗಬೇಕಾದ್ದು, ಅವರ ಅನ್ನ.

"ಖರೆ ಐತಿ," ಎಂದ. ಇಯರ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬಸ್‌ಸ್ಟ್ಯಾಂಡಿನಾಗ ನಂದೂ ಒಂದು ಕೂಗು ಇತ್ತು. ಈಗ ಅದು ಯಾರಿಗೂ ಬ್ಯಾಡಾಗೇತಿ. ಅದನ್ನ ತಗೋರಿ."

ಅದು ಯಾರು ಬೇಕಾದರೂ ಬಳಸುವಂಥದ್ದಾಗುತ್ತದೆ, ಒಮ್ಮೆ ಕೊಟ್ಟರೆ ಮರಳಿ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. "ಬರೂದು ಬ್ಯಾಡ," ಎಂದ. ನಾನು ರೆಕಾರ್ಡರ್ ಹಚ್ಚಿ ಅವನ ಮುಂದೆ ಹಿಡಿದೆ. ನಿಂತಲ್ಲಿಂದಲೇ ಡಂಬಳ, ಗದಗ, ಬೆಟಗೇರಿ ಎಂದು ಕೂಗಿದ. ದನಿ ಮೇಲೇಳಲಿಲ್ಲ. ರೆಕಾರ್ಡ್ ಆದದ್ದನ್ನು ಅವನಿಗೆ ಕೇಳಿಸಿದೆ.

"ಅಳಸ್ರಿ ಅದನ್ನ. ಇದು ಖಾಲಿ ಗಾಡೀ ಕೂಗು. ಹಿಂಗ ಕೂಗಿದ್ರ ನಾಯಿ ಸುದ್ದಾ ಹತ್ತಂಗಿಲ್ಲ. ಗಾಡಿ ಖಾಲಿ ಇದ್ರೂ ತುಂಬೇತಿ ಅಂತ ಕೂಗಬೇಕ್ರಿ, ಅವಾಗ ಮಂದಿ ಓಡಿ ಬರ್ತಾರ."

ಗೋಡೆ ಸವರುತ್ತ ಬಾಗಿಲ ತನಕ ಬಂದ. ಮಾಸ್ತರರ ಕೋಲು ಅಲ್ಲಿಯೇ ಒರಗಿತ್ತು, ಅದಕ್ಕೆ ಕೈ ತಾಗಿತು, ಹಿಡಿಯಲಿಲ್ಲ. ಒಂದು ಕೈಯಿಂದ ಚೌಕಟ್ಟು ಹಿಡಿದು, ಹೊಸ್ತಿಲಿನಾಚೆ ಒಂದು ಕಾಲಿಟ್ಟು, ಮೈಯನ್ನು ಅರ್ಧ ಓಣಿಗೆ ಚಾಚಿದ. ನಾನು ಅವನ ಪಕ್ಕಕ್ಕೆ ಹೋಗಿ ರೆಕಾರ್ಡರ್ ಹಿಡಿದೆ.

"ಡಂಬಳಾ ಗದಗಾ ಬೆಟಗೇರೀ! ಒಂದಽ ಸೀಟ್ ಐತಿ, ಒಂದಽ ಸೀಟ್! ಜಲ್ದಿ ಬರ್ರೀ, ಬಿಟ್ಟೆ, ಬಿಟ್ಟೇ!"

ಓಣಿಯ ಆ ಕಡೆಯಿಂದ ಕೈಚೀಲ ಹಿಡಿದ ಹೆಂಗಸೊಬ್ಬಳು ಓಡುತ್ತ ಬಂದಳು. ಅವನ ಮುಂದೆ ನಿಂತು, ಏದುಸಿರು ಬಿಡುತ್ತ ಕೇಳಿದಳು.

"ತಡೀರಿ ಯಣ್ಣಾ, ನಾ ಬರ್ತೇನಿ. ಗಾಡಿ ಎಲ್ಲಿ ನಿಲ್ಲಿಸೀರಿ?"